ಅಡ್ಡಹೆಸರು ಕೇಳಿದವರ ಮೇಲೆ ದೂರು ಯಾರಿಗೆ?

‘ನಮ್ಮಲ್ಲಿ ಎಲ್ಲರೂ ಮನೆಯವರಿದ್ದ ಹಾಗೆ, ನಡವಳಿಕೆ ಸಂಹಿತೆ ಯಾಕೆ ಬೇಕು?’ ಮುಕ್ತ ತಂತ್ರಾಂಶದ ಬಳಗಗಳ ಈ ಹಳೇ ಮಾತು ಈ ವಾರವೂ ಕಿವಿಗೆ ಬಿತ್ತು. ಅದರ ಬೆನ್ನಿಗೇ ಇನ್ನೊಂದು: ‘ನಮ್ಮಲ್ಲಿ ಸಂಹಿತೆ ಇದೆಯಲ್ಲ, ಪುಟದಲ್ಲಿ ಹಾಕಿದ್ದೇವೆ.’ ಎರಡೂ ಸಿಟ್ಟು ತರಿಸುವ ಮಾತುಗಳೇ. ಅನ್ಯಾಯ ಮನೆಯೊಳಗೂ ನಡೆಯುತ್ತದೆ ಎಂಬುದನ್ನು ಮೊದಲನೆಯವರು ಮರೆತಿದ್ದಾರೆ. ಬರೆದು ಹಾಕಿದ ಮೇಲೆ ಕೆಲಸ ಮುಗಿಯಿತು ಎಂದು ಎರಡನೆಯವರು ತಿಳಿದಿದ್ದಾರೆ. ಸಂಹಿತೆಯ ಯೋಗ್ಯತೆ ಗೊತ್ತಾಗುವುದು ಮೊದಲ ಪುಟದ ಒಳ್ಳೆಯ ಮಾತುಗಳಿಂದಲ್ಲ. ದೂರನ್ನು ಯಾರು ಕೇಳುತ್ತಾರೆ, ಯಾವ ಭಾಷೆಯಲ್ಲಿ ಕೇಳುತ್ತಾರೆ, ಎಷ್ಟು ದಿನದಲ್ಲಿ ತೀರ್ಮಾನಿಸುತ್ತಾರೆ, ಆ ತೀರ್ಮಾನ ಹೊರಗೆ ಬರುತ್ತದೆಯೇ ಎಂಬುದರಿಂದ.

ಒಳ್ಳೆಯ ಮಾತುಗಳಿಗೇನೂ ಈಗ ಕೊರತೆಯಿಲ್ಲ. 2014ರಲ್ಲಿ ಹುಟ್ಟಿ ಸಾವಿರಾರು ಯೋಜನೆಗಳು ಒಪ್ಪಿಕೊಂಡ ‘ಕಾಂಟ್ರಿಬ್ಯೂಟರ್ ಕವನೆಂಟ್’ ಎಂಬ ಸಿದ್ಧ ಸಂಹಿತೆ ತನ್ನ 2.1ನೇ ಆವೃತ್ತಿಯಲ್ಲಿ, 2021ರಲ್ಲಿ, ಭೇದ ಎಣಿಸಬಾರದ ಸಂಗತಿಗಳ ಪಟ್ಟಿಗೆ ಜಾತಿಯನ್ನೂ ಸೇರಿಸಿತು. ವಿಕಿಪೀಡಿಯ ನಡೆಸುವ ವಿಕಿಮೀಡಿಯ ಅದೇ ವರ್ಷ ಪ್ರಕಟಿಸಿದ ಸಾರ್ವತ್ರಿಕ ಸಂಹಿತೆಯಲ್ಲಿ ಜಾತಿಯ ಜೊತೆಗೆ ಭಾಷೆಯ ಮೇಲಿನ ಹಿಡಿತವೂ ಇದೆ. ಯಾರನ್ನೂ ಇವುಗಳಿಂದ ಅಳೆಯಬಾರದು ಎಂದು ಅದು ಹೇಳುತ್ತದೆ. ಇದು ಸಣ್ಣ ಗೆಲುವಲ್ಲ. ಆದರೆ ಕಲಘಟಗಿ ತಾಲ್ಲೂಕಿನ ತಂಬೂರದಿಂದ ಧಾರವಾಡದ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ತನ್ನೂರಿನ ಬಸವಣ್ಣನ ಗುಡಿಯ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ನಾಲ್ಕು ಸಾಲು ಬರೆದಳು ಎಂದಿಟ್ಟುಕೊಳ್ಳಿ. ಆಕೆಯ ಧಾರವಾಡದ ಕನ್ನಡವನ್ನು ಯಾರೋ ಆಡಿಕೊಂಡರು, ಇನ್ಯಾರೋ ‘ನಿಮ್ಮ ಅಡ್ಡಹೆಸರು ಏನು?’ ಎಂದು ಕೇಳಿದರು. ಬಡಿಗೇರ, ಕಂಬಾರ, ಹಡಪದ, ಮಾದರ ಎಂದು ಅಡ್ಡಹೆಸರಿನಲ್ಲೇ ಜಾತಿ ಹೇಳಿಬಿಡುವ ಈ ಸೀಮೆಯಲ್ಲಿ ಆ ಪ್ರಶ್ನೆಯ ಇರಿತ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ದೂರದ ದೇಶದಲ್ಲಿ ಕೂತು ದೂರು ಓದುವ ಸಮಿತಿಗೆ ಮಾತ್ರ ಅದು ಬರೀ ಉಪಚಾರದ ವಿಚಾರಣೆಯಂತೆ ಕಾಣುತ್ತದೆ. ಕನ್ನಡ ಬಲ್ಲವರು, ಈ ಊರುಗಳನ್ನು ಬಲ್ಲವರು ಕೇಳದಿದ್ದರೆ ಪಟ್ಟಿಯಲ್ಲಿ ಜಾತಿ ಇದ್ದೂ ಆಕೆಗೆ ದಕ್ಕುವುದಿಲ್ಲ.

ಕೆಲಸ ಮುಖ್ಯ, ಮಾತಿನ ಒರಟುತನ ದೊಡ್ಡದಲ್ಲ ಎನ್ನುವವರಿದ್ದಾರೆ. ಲಿನಕ್ಸ್ ಕರ್ನಲ್ ಬಳಗ ಬಹುಕಾಲ ಹಾಗೇ ನಡೆಯಿತು. 2018ರ ಸೆಪ್ಟೆಂಬರ್‌ನಲ್ಲಿ ಅದನ್ನು ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ತಮ್ಮ ನಡವಳಿಕೆಗೆ ಕ್ಷಮೆ ಕೇಳಿ, ಬಳಗ ಹೊಸ ಸಂಹಿತೆ ಒಪ್ಪಿಕೊಂಡಾಗ, ಇನ್ನು ಲಿನಕ್ಸ್ ಕಥೆ ಮುಗಿಯಿತು ಎಂದವರೂ ಇದ್ದರು. ಒಂಬತ್ತು ಹತ್ತು ವಾರಕ್ಕೊಂದು ಹೊಸ ಆವೃತ್ತಿ ಅಲ್ಲಿ ಇವತ್ತಿಗೂ ಬರುತ್ತಿದೆ. 2024ರ ನವೆಂಬರ್‌ನಲ್ಲಿ ಸಹೋದ್ಯೋಗಿಯನ್ನು ಬೈದ ಹಿರಿಯ ಡೆವಲಪರ್ ಒಬ್ಬರನ್ನು 6.13ನೇ ಆವೃತ್ತಿಯ ಕೆಲಸದಿಂದ ದೂರವಿಟ್ಟರು, ಅದನ್ನು ಎಲ್ಲರಿಗೂ ತಿಳಿಸಿದರು. ಶಿಕ್ಷೆಗೆ ಅವಧಿ ಇತ್ತು, ಕಾರಣ ಜನರ ಕಣ್ಣೆದುರಿಗಿತ್ತು. ಸಂಹಿತೆ ಅಧಿಕಾರದಲ್ಲಿದ್ದವರ ಕೈಯ ಕೋಲಾಗುತ್ತದೆ ಎಂಬ ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಅದೇ ವರ್ಷ ಆಗಸ್ಟ್‌ನಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಬಳಗ ತನ್ನ ಹಿರಿಯ ಟಿಮ್ ಪೀಟರ್ಸ್ ಅವರನ್ನು ಮೂರು ತಿಂಗಳು ಹೊರಗಿಟ್ಟಾಗ, ಆರೋಪಗಳು ಮೊಗಮ್ಮಾಗಿವೆ ಎಂದು ಅನೇಕರು ಸಿಡಿದೆದ್ದರು. ಆ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಅದು ಕೇಳುವುದು ಸ್ಪಷ್ಟ ಆರೋಪವನ್ನು, ಇಬ್ಬರ ಮಾತನ್ನೂ ಆಲಿಸುವ ವಿಚಾರಣೆಯನ್ನು, ಮೇಲ್ಮನವಿಗೆ ಅವಕಾಶವನ್ನು. ಸಂಹಿತೆಯೇ ಬೇಡ ಎಂಬ ವಾದಕ್ಕೆ ಅದು ಆಸರೆಯಾಗದು.

ಸಣ್ಣ ಬಳಗಗಳ ಗತಿಯೇ ಬೇರೆ. ದಿನಾ ಕೆಲಸ ಮಾಡುವವರು ಬೆರಳೆಣಿಕೆಯಷ್ಟು ಜನ ಇರುವಲ್ಲಿ ದೂರು ಕೇಳುವವನೂ ದೂರಿಗೆ ಒಳಗಾದವನೂ ಗೆಳೆಯರಾಗಿರುತ್ತಾರೆ, ಕೆಲವು ಸಲ ಇಬ್ಬರೂ ಒಬ್ಬನೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಏನಾಗುತ್ತದೆ ಎಂದು ತಿಳಿಯಲು ಕ್ರೊಯೇಷಿಯನ್ ವಿಕಿಪೀಡಿಯ ನೋಡಬೇಕು. ಅದನ್ನು ಹತ್ತಿರ ಹತ್ತಿರ ಒಂದು ದಶಕ ನಿರ್ವಾಹಕರ ಒಂದು ಗುಂಪೇ ಹಿಡಿದಿಟ್ಟುಕೊಂಡಿತ್ತು. ವಿಕಿಮೀಡಿಯ ಫೌಂಡೇಶನ್ನಿನ 2021ರ ವರದಿ ಅದನ್ನೆಲ್ಲ ಬಿಡಿಸಿಟ್ಟಿದೆ. ಇದಕ್ಕೆ ದಾರಿ ಹೊರದೇಶದಿಂದ ತರಬೇಕಾಗಿಯೂ ಇಲ್ಲ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ ನಮ್ಮ 2013ರ ಕಾಯ್ದೆ ಆಂತರಿಕ ಸಮಿತಿಯಲ್ಲಿ ಹೊರಗಿನ ಸದಸ್ಯರೊಬ್ಬರು ಇರಲೇಬೇಕು ಎನ್ನುತ್ತದೆ, ವಿಚಾರಣೆಗೆ 90 ದಿನದ ಗಡುವು ಹಾಕುತ್ತದೆ. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆಯ ದೂರನ್ನೂ ಮಾಲೀಕನ ಮೇಲಿನ ದೂರನ್ನೂ ಜಿಲ್ಲೆಯ ಸ್ಥಳೀಯ ಸಮಿತಿಗೆ ಒಪ್ಪಿಸುತ್ತದೆ. ಸ್ವಯಂಸೇವಕರ ಬಳಗಕ್ಕೆ ಈ ಕಾಯ್ದೆಯನ್ನು ಇದ್ದ ಹಾಗೆಯೇ ಹೊದಿಸಲು ಬರುವುದಿಲ್ಲ, ನಿಜ. ಅದರ ವಿವೇಕವನ್ನು ತೆಗೆದುಕೊಳ್ಳಲು ಅಡ್ಡಿಯೇನು? ಕನ್ನಡದ ವಿಕಿ ಯೋಜನೆಗಳು, ತಂತ್ರಾಂಶ ಕನ್ನಡೀಕರಣದ ಗುಂಪುಗಳು ಸೇರಿ ಎಲ್ಲಕ್ಕೂ ಒಂದೇ ಸಮಿತಿ ಮಾಡಬಹುದು. ಅರ್ಧ ಹೆಣ್ಣುಮಕ್ಕಳಿರಲಿ, ಯಾವ ಗುಂಪಿಗೂ ಸೇರದ ಒಬ್ಬರಿರಲಿ, ದೂರು ಕನ್ನಡದಲ್ಲೇ ಇರಲಿ. ಇದಕ್ಕೆ ದುಡ್ಡೂ ಬೇಡ, ಸರ್ವರೂ ಬೇಡ. ಗೆಳೆಯನ ಮೇಲಿನ ದೂರನ್ನು ಬೇರೆಯವರ ಕೈಗೆ ಕೊಡಲು ಒಪ್ಪದ ನಿರ್ವಾಹಕರು, ಹೆಣ್ಣುಮಕ್ಕಳು ಬರೆಯಲು ಬರುತ್ತಿಲ್ಲ ಎಂದು ವೇದಿಕೆ ಹತ್ತಿ ಅಳುವುದನ್ನಾದರೂ ಬಿಡಲಿ.