ಮುಂಗಾರು ದಡಕ್ಕೆ ತರುವ ನೀಲಿ ಕುಟುಕು

2018ರ ಆಗಸ್ಟ್ ಮೊದಲ ವಾರದಲ್ಲಿ ಮುಂಬೈ ಕಡಲತೀರಗಳಿಗೆ ವಿಹಾರಕ್ಕೆಂದು ಬಂದಿದ್ದ ನೂರಕ್ಕೂ ಹೆಚ್ಚು ಮಂದಿಗೆ ನೀಲಿ ಬಣ್ಣದ ಕಡಲಜೀವಿಗಳು ಕುಟುಕಿದ ಸುದ್ದಿ ಆತಂಕ ಮೂಡಿಸಿತ್ತು. ಜೆಲ್ಲಿ ಮೀನುಗಳ ದಾಳಿ ಎಂದೇ ಅದು ಪ್ರಚಾರವಾಯಿತು. ವಾಸ್ತವದಲ್ಲಿ ಅದು ದಾಳಿಯೂ ಅಲ್ಲ, ಕುಟುಕಿದ್ದು ಜೆಲ್ಲಿ ಮೀನೂ ಅಲ್ಲ.

ಬ್ಲೂಬಾಟಲ್ ಎಂದು ಕರೆಯಲಾಗುವ ಈ ಜೀವಿ ಒಂಟಿ ಪ್ರಾಣಿಯಲ್ಲ. ಬೇಟೆ, ಜೀರ್ಣಕ್ರಿಯೆ, ಸಂತಾನೋತ್ಪತ್ತಿಯ ಹೊಣೆಯನ್ನು ಹಂಚಿಕೊಂಡ ಅನೇಕ ಕಿರುಜೀವಿಗಳ ಒಕ್ಕೂಟ. ಗಾಳಿಗೆ ಎದುರಾಗಿ ಈಜುವ ಶಕ್ತಿ ಅದಕ್ಕಿಲ್ಲ. ಅನಿಲ ತುಂಬಿದ ಚೀಲವೇ ಅದರ ಹಾಯಿ. ಆ ಚೀಲ ಕೆಲವಕ್ಕೆ ಎಡಕ್ಕೆ, ಕೆಲವಕ್ಕೆ ಬಲಕ್ಕೆ ವಾಲಿರುವುದರಿಂದ ಒಂದೇ ಗಾಳಿಗೆ ಅವು ಬೇರೆ ಬೇರೆ ದಿಕ್ಕಿಗೆ ಸಾಗುತ್ತವೆ. ಗುಳ್ಳೆಗಳ ತೆಪ್ಪ ಕಟ್ಟಿಕೊಂಡು ತೇಲುವ ನೇರಳೆ ಬಸವನಹುಳು ಕೂಡ ಇದೇ ರೀತಿ ಗಾಳಿಗೆ ಅಧೀನ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಅರಬ್ಬಿ ಸಮುದ್ರದಿಂದ ಪಶ್ಚಿಮ ಕರಾವಳಿಯತ್ತ ಬೀಸುತ್ತದೆ. ತೇಲುಜೀವಿಗಳು ಆ ಅವಧಿಯಲ್ಲಿ ದಡ ಸೇರುವುದು ಸಹಜ. ದಡಕ್ಕೆ ಬಿದ್ದವುಗಳ ಸಂಖ್ಯೆ ಗಾಳಿಯ ದಿಕ್ಕನ್ನು ಹೇಳುತ್ತದೆಯೇ ಹೊರತು ಕಡಲಿನಲ್ಲಿ ಅವುಗಳ ಸಂತತಿ ಹೆಚ್ಚಿದೆ ಎಂಬುದನ್ನಲ್ಲ. ಪ್ರತಿ ಘಟನೆಯನ್ನೂ ಮಾಲಿನ್ಯದ ಅಥವಾ ತಾಪಮಾನ ಏರಿಕೆಯ ಫಲವೆಂದು ಷರಾ ಬರೆಯುವುದು ಅವಸರವಾದೀತು.

ಅಪಾಯ ಮಾತ್ರ ನಿಜ. ಸತ್ತು ಮರಳಿನ ಮೇಲೆ ಬಿದ್ದ ಬ್ಲೂಬಾಟಲ್‌ನ ಎಳೆಗಳೂ ಕುಟುಕಬಲ್ಲವು. ಮಳೆಗಾಲದಲ್ಲಿ ನೀರಿಗಿಳಿಯದಂತೆ ಎಚ್ಚರಿಸುವುದು ವಾಡಿಕೆ. ಆದರೆ ಆ ಮಾತಿಗೆ ಬೆಲೆಕೊಟ್ಟು ದಡದಲ್ಲೇ ಉಳಿದವರಿಗೆ, ಅದರಲ್ಲೂ ಬಲೂನೆಂದು ಕೈಚಾಚುವ ಮಕ್ಕಳಿಗೆ, ಅದರಿಂದ ರಕ್ಷಣೆಯಿಲ್ಲ.

ಪರಿಹಾರ ದುಬಾರಿಯೇನಲ್ಲ. ಬರಿಗೈ ತಾಗಿಸದೆ ಎಳೆಗಳನ್ನು ತೆಗೆದು, ಸಮುದ್ರದ ನೀರಿನಿಂದ ತೊಳೆದು, ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 20 ನಿಮಿಷ ಅದ್ದಿದರೆ ನೋವು ಇಳಿಯುತ್ತದೆ. ಮಂಜುಗಡ್ಡೆಗಿಂತ ಬಿಸಿನೀರೇ ಮೇಲೆಂದು 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದು ತೋರಿಸಿದೆ. ಮರಳಿನಿಂದ ಉಜ್ಜಬಾರದು, ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಮುಂಬೈಗೆ ಬೀಸುವ ಮಾರುತವೇ ಪಣಂಬೂರು, ಮಲ್ಪೆ, ಗೋಕರ್ಣ, ಕಾರವಾರಗಳಿಗೂ ಬೀಸುತ್ತದೆ. ಗಾಳಿ ಮತ್ತು ಅಲೆಗಳ ಮುನ್ಸೂಚನೆಯನ್ನು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ನೀಡುತ್ತಿದೆ. ದಡದತ್ತ ಬಲವಾದ ಗಾಳಿಯಿರುವ ದಿನಗಳಲ್ಲಿ 'ನೀಲಿ ಗುಳ್ಳೆ ಮುಟ್ಟಬೇಡಿ' ಎಂಬ ಕನ್ನಡ ಫಲಕವೂ ಜೀವರಕ್ಷಕರ ಬಳಿ ಬಿಸಿನೀರೂ ಇದ್ದರೆ ಸಾಕು. ಗಾಳಿಯನ್ನು ತಡೆಯಲಾಗದು, ಮಕ್ಕಳ ಕೈಯನ್ನು ತಡೆಯಬಹುದು.