ಬಣ್ಣವೊಂದರಿಂದ ಚೇಳನ್ನರಿಯಲಾಗದು

ಕಪ್ಪಾದ ಭಾರಿ ಚೇಳನ್ನು ಕಂಡು ಭೀತರಾಗಿ, ಕೆಂಪನೆಯ ಸಣ್ಣ ಚೇಳನ್ನು ಉಪೇಕ್ಷಿಸುವುದು ಮನುಷ್ಯಸಹಜವಾದರೂ, ಕಮಲಾಪುರದ ಹೊಲಗಳಲ್ಲಿ ಕಲ್ಲೆತ್ತಿ ದುಡಿಯುವವರಿಗೆ ಆ ಉಪೇಕ್ಷೆಯೇ ಪ್ರಾಣಾಂತಿಕವಾಗಬಲ್ಲುದು. ಕರಿಚೇಳಿನ ಇಕ್ಕುಳ ಸ್ಥೂಲ, ಬಾಲ ಕೃಶ, ಎದೆಯಡಿಯ ಫಲಕ ಪಂಚಕೋನ. ಉಗ್ರವಿಷದ ಕೆಂಪುಚೇಳಿನ ಇಕ್ಕುಳ ಕೃಶ, ಬಾಲ ಪುಷ್ಟ, ಫಲಕ ಬಹುಮಟ್ಟಿಗೆ ತ್ರಿಕೋನ. ಇಷ್ಟನ್ನು ಬರಿಗಣ್ಣಿನಿಂದ ಕಲಿಯಬಹುದು. ಆದರೆ ಒಂದೇ ಕುಲದ ಸಮೀಪಬಂಧುಗಳನ್ನು ವಿಂಗಡಿಸುವಲ್ಲಿ ಬಣ್ಣವು ಪ್ರಾಯಕ್ಕೂ ಪ್ರದೇಶಕ್ಕೂ ತಕ್ಕಂತೆ ಬದಲಾಗಿ ಮೋಸಗೊಳಿಸುವುದರಿಂದ, ಉದರದಡಿಯ ಬಾಚಣಿಗೆಯಂತಹ ಅಂಗದ ಹಲ್ಲುಗಳನ್ನೆಣಿಸಿ, ಬಾಲದ ಏಣುಗಳನ್ನೂ ಮೈಮೇಲಣ ಕಣಗಳನ್ನೂ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸದೆ ತಜ್ಞರೂ ನಿರ್ಣಯ ಹೇಳರು. (ನೇರಳಾತೀತ ಬೆಳಕಿನಲ್ಲಿ ಮಿನುಗುವುದು ಚೇಳುಗಳ ಸಾಮಾನ್ಯ ಗುಣವೇ ಹೊರತು ಪ್ರಭೇದಸೂಚಕವಲ್ಲ.) ತಜ್ಞರ ಈ ವಿಂಗಡಣೆಯೂ ಸ್ಥಿರವಲ್ಲ: 2020ರಲ್ಲಿ ಏಷ್ಯದ ಕರಿಚೇಳುಗಳ ಕುಲವನ್ನೇ ವಿಜ್ಞಾನಿಗಳು ಒಡೆದು, ದಖ್ಖನದ ಹೆಸರಿನ ಡೆಕ್ಕನೋಮೆಟ್ರಸ್ ಎಂಬ ನೂತನ ಕುಲವನ್ನು ಸ್ಥಾಪಿಸಿದರು.

ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರಪಂಚಮಿಯಂದು ಚೇಳುಗಳನ್ನು ಮೈಮೇಲೆ ಹರಿಯಬಿಟ್ಟುಕೊಳ್ಳುವ ಭಕ್ತಿ ನನಗೆ ಗೌರವಾರ್ಹವೇ. ಆದರೆ ಆ ಅಭಯವನ್ನು ಹೊಲಕ್ಕೂ ಒಯ್ಯಲಾಗದು. ಕೊಂಕಣದ ಮಹಾಡದಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ಪ್ರಜೋಸಿನ್ ಗುಳಿಗೆಯಿಂದ ಕೆಂಪುಚೇಳಿನ ವಿಷಕ್ಕೆ ತುತ್ತಾದವರನ್ನು ಉಳಿಸಿ ತೋರಿಸಿದ್ದಾರೆ. ಆ ಗುಳಿಗೆ ನಮ್ಮ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಸದಾ ದೊರೆಯುವಂತೆ ಸರಕಾರವು ನೋಡಿಕೊಳ್ಳಲಿ; ಕಡಿಸಿಕೊಂಡವರು ಚೇಳಿನ ಜಾತಿ ನಿರ್ಣಯವಾಗಲೆಂದು ಕಾಯದೆ ಒಡನೆಯೇ ಅಲ್ಲಿಗೆ ಧಾವಿಸಲಿ.