ಪುಟದಲ್ಲೇ ಉಳಿದ ನಗು: ಸಾಹಿತ್ಯಕೃತಿ ಆಧಾರಿತ ಕನ್ನಡ ಚಿತ್ರಗಳಲ್ಲಿ ಹಾಸ್ಯದ ಸ್ಥಾನ

ಕನ್ನಡದಲ್ಲಿ ಸಾಹಿತ್ಯ ಮತ್ತು ಸಿನಿಮಾಗಳ ಸಂಬಂಧವನ್ನು ಕುರಿತ ಚರ್ಚೆ ಬಹುಮಟ್ಟಿಗೆ ನಿಷ್ಠೆಯ ಪ್ರಶ್ನೆಯ ಸುತ್ತಲೇ ನಡೆದಿದೆ. ಚಿತ್ರವು ಮೂಲಕೃತಿಗೆ ನಿಷ್ಠವಾಗಿದೆಯೆ, ಕಥೆ ಎಲ್ಲಿ ಬದಲಾಯಿತು, ಮುಕ್ತಾಯ ಏಕೆ ಬೇರೆಯಾಯಿತು ಎಂಬ ಪ್ರಶ್ನೆಗಳೇ ಮತ್ತೆ ಮತ್ತೆ ಎದುರಾಗುತ್ತವೆ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದ ಬಗ್ಗೆ ಕಾದಂಬರಿಕಾರರಿಗಿದ್ದ ಅತೃಪ್ತಿ ಇಂದಿಗೂ ಉದಾಹರಣೆಯಾಗಿ ಬಳಕೆಯಾಗುವುದು ಈ ಕಾರಣಕ್ಕೇ. ಆದರೆ ಕಥೆ ಕೊಂಚವೂ ಬದಲಾಗದಿದ್ದಾಗಲೂ ಕೃತಿಯೊಂದು ಕಳೆದುಕೊಳ್ಳಬಹುದಾದ ಅಂಶವೊಂದಿದೆ. ಅದು ಅದರ ನಗು. ಘಟನೆಗಳೆಲ್ಲ ಯಥಾವತ್ತಾಗಿ ತೆರೆಗೆ ಬಂದು, ಅವುಗಳನ್ನು ಹೇಳಿದ ದನಿಯಲ್ಲಿನ ವಿನೋದ ಮಾತ್ರ ಪುಟದಲ್ಲೇ ಉಳಿದುಬಿಟ್ಟರೆ ಆಗುವ ನಷ್ಟವನ್ನು ಕನ್ನಡ ವಿಮರ್ಶೆ ಸಾಕಷ್ಟು ಗಮನಿಸಿಲ್ಲ.

ಈ ಉಪೇಕ್ಷೆಯ ಬೇರು ಅಭಿರುಚಿಯ ಒಂದು ವಿಭಜನೆಯಲ್ಲಿದೆ. ದಕ್ಷಿಣ ಬೆಂಗಳೂರಿನ ಪದ್ಮನಾಭನಗರದಂತಹ ಬಡಾವಣೆಯ ಚಿತ್ರಪ್ರೇಮಿಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅವನ ನೆರೆಯ ಬನಶಂಕರಿ ಎರಡನೆಯ ಹಂತದಲ್ಲಿ, 1971ರಲ್ಲಿ ಆರಂಭವಾದ ಸುಚಿತ್ರಾ ಫಿಲಂ ಸೊಸೈಟಿಯ ನೆಲೆಯಿದೆ. ‘ಸಂಸ್ಕಾರ’ (1970), ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977) ಮೊದಲಾದವುಗಳನ್ನು ಗಂಭೀರ ಚರ್ಚೆಗೆ ಅರ್ಹವಾದ ಕೃತಿಗಳೆಂದು ನೋಡುವ ಸಂಸ್ಕಾರವನ್ನು ಬೆಳೆಸಿದ್ದು ಇಂತಹ ಚಿತ್ರಸಮಾಜಗಳೇ. ಅದೇ ಪ್ರೇಕ್ಷಕ ಮನೆಯಲ್ಲಿ ‘ಗಣೇಶನ ಮದುವೆ’ (1990) ಚಿತ್ರದ ವಠಾರದ ಜಗಳಗಳನ್ನು ಎಷ್ಟು ಬಾರಿ ನೋಡಿದರೂ ಬೇಸರಿಸುವುದಿಲ್ಲ. ಮೊದಲಿನದು ಅವನಿಗೆ ಚರ್ಚೆಯ ವಸ್ತು, ಎರಡನೆಯದು ಬಿಡುವಿನ ಸಂತೋಷ. ತನ್ನನ್ನು ನಗಿಸಿದ್ದು ಏಕೆ ನಗಿಸಿತು ಎಂದು ಕೇಳಿಕೊಳ್ಳಲು ಬೇಕಾದ ಪರಿಭಾಷೆಯನ್ನು ಯಾರೂ ಅವನಿಗೆ ಒದಗಿಸಿಲ್ಲ. ಇದು ಪ್ರೇಕ್ಷಕನ ದೋಷವಲ್ಲ, ವಿಮರ್ಶೆಯ ಕೊರತೆ.

ಈ ವಿಭಜನೆಗೆ ಎರಡು ಮೂಲಗಳನ್ನು ಗುರುತಿಸಬಹುದು. ಮೊದಲನೆಯದು ರಂಗಭೂಮಿಯದು. ವೃತ್ತಿನಾಟಕ ಕಂಪನಿಗಳಲ್ಲಿ ಹಾಸ್ಯವು ಮುಖ್ಯಕಥೆಯ ಪಕ್ಕದಲ್ಲಿ ಸಾಗುವ ಪ್ರತ್ಯೇಕ ದೃಶ್ಯಸರಣಿಯಾಗಿತ್ತು. ಚಲನಚಿತ್ರ ಅದನ್ನು ಹಾಗೆಯೇ ಸ್ವೀಕರಿಸಿತು. ರಂಗಭೂಮಿಯಿಂದ ಬಂದು ‘ಬೇಡರ ಕಣ್ಣಪ್ಪ’ (1954) ಚಿತ್ರದ ಮೂಲಕ ತೆರೆಯನ್ನು ಪ್ರವೇಶಿಸಿದ ನರಸಿಂಹರಾಜು ಅವರಂತಹ ಅಸಾಧಾರಣ ನಟರೂ ಬಹುಪಾಲು ಈ ಚೌಕಟ್ಟಿನೊಳಗೇ ದುಡಿಯಬೇಕಾಯಿತು. ಎರಡನೆಯದು ಸಾಹಿತ್ಯದ್ದು. 1942ರಲ್ಲಿ ರಾ.ಶಿ. ಅವರು ಆರಂಭಿಸಿದ ‘ಕೊರವಂಜಿ’ ಪತ್ರಿಕೆ ಕನ್ನಡ ವಿನೋದಕ್ಕೆ ದೊಡ್ಡ ಕೊಡುಗೆ ನೀಡಿತಾದರೂ, ಕಾಲಕ್ರಮದಲ್ಲಿ ಹಾಸ್ಯಸಾಹಿತ್ಯವೆಂಬುದು ಬೇರೆಯೇ ಕಪಾಟಿನಲ್ಲಿಡುವ ಪ್ರಕಾರವಾಯಿತು. ನವ್ಯದ ಪ್ರಭಾವದಲ್ಲಿ ರೂಪುಗೊಂಡ ಹೊಸ ಅಲೆಯ ಚಿತ್ರಗಳು ಜನಪ್ರಿಯ ಸೂತ್ರಗಳನ್ನು ನಿರಾಕರಿಸುವಾಗ ಹಾಡು, ಕುಣಿತಗಳೊಂದಿಗೆ ಹಾಸ್ಯದ ಉಪಕಥೆಯನ್ನೂ ಬಿಟ್ಟವು. ಆ ನಿರಾಕರಣೆ ನ್ಯಾಯವಾದದ್ದೇ. ಆದರೆ ಅದರ ಜೊತೆಗೆ, ಮೂಲಕೃತಿಯ ಅಂತರಂಗದಲ್ಲೇ ಇದ್ದ ನಗುವೂ ಅನೇಕ ಸಲ ಹೊರಬಿತ್ತು.

ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ (1973) ಕಥಾಸಂಕಲನ ಈ ಸಂಗತಿಯನ್ನು ಪರೀಕ್ಷಿಸಲು ಅಪೂರ್ವವಾದ ಅವಕಾಶವನ್ನು ಒದಗಿಸುತ್ತದೆ. ಈ ಒಂದೇ ಸಂಕಲನದ ನಾಲ್ಕು ಕಥೆಗಳು ಚಲನಚಿತ್ರಗಳಾಗಿವೆ. ಶೀರ್ಷಿಕೆಯ ಕಥೆಯನ್ನು ಎನ್. ಲಕ್ಷ್ಮೀನಾರಾಯಣ್, ‘ತಬರನ ಕಥೆ’ಯನ್ನು ಗಿರೀಶ ಕಾಸರವಳ್ಳಿ, ‘ಕುಬಿ ಮತ್ತು ಇಯಾಲ’ವನ್ನು ಸದಾನಂದ ಸುವರ್ಣ, ‘ಡೇರ್‌ಡೆವಿಲ್ ಮುಸ್ತಾಫಾ’ವನ್ನು ಶಶಾಂಕ್ ಸೋಗಾಲ್ ನಿರ್ದೇಶಿಸಿದರು. ಮೊದಲ ಮೂರು ಗಂಭೀರ ಚಿತ್ರಗಳಾಗಿಯೇ ರೂಪುಗೊಂಡವು. ನಾಲ್ಕನೆಯದು ಹಾಸ್ಯಚಿತ್ರವಾಗಿ ತೆರೆಗೆ ಬಂದದ್ದು 2023ರಲ್ಲಿ, ಅಂದರೆ ಸಂಕಲನ ಪ್ರಕಟವಾಗಿ ಐವತ್ತು ವರ್ಷಗಳ ನಂತರ.

‘ತಬರನ ಕಥೆ’ 1986ನೆಯ ಸಾಲಿನ ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು; ತಬರನ ಪಾತ್ರವಹಿಸಿದ ಚಾರುಹಾಸನ್ ಅತ್ಯುತ್ತಮ ನಟರೆನಿಸಿದರು. ಪಿಂಚಣಿಗಾಗಿ ಅಲೆಯುವ ಬಡ ನೌಕರನ ಸಂಕಟಕ್ಕೆ ಆ ಚಿತ್ರ ಕೊಟ್ಟ ತೂಕ ಪ್ರಶ್ನಾತೀತ. ಆದರೂ ಕಥೆಯನ್ನು ಓದುವಾಗ, ಸರಕಾರವೆಂಬ ಕಾಣದ ಯಂತ್ರದ ಮೇಲೆ ತಬರ ಇಟ್ಟಿರುವ ಮುಗ್ಧ ನಂಬಿಕೆ ಮೊದಲು ನಗೆಯನ್ನು ತರುತ್ತದೆ, ಆ ನಗೆಯ ಬೆನ್ನಿಗೇ ನಾಚಿಕೆಯನ್ನೂ ತರುತ್ತದೆ. ನಕ್ಕ ಓದುಗ ತಾನೂ ಆ ವ್ಯವಸ್ಥೆಯ ಪಾಲುದಾರನೆಂದು ಅರಿಯುತ್ತಾನೆ. ಚಿತ್ರದಲ್ಲಿ ಕರುಣೆಯೇ ಪ್ರಧಾನವಾಗುವುದರಿಂದ ಪ್ರೇಕ್ಷಕ ಆರಂಭದಿಂದಲೇ ತಬರನ ಪಕ್ಷದಲ್ಲಿರುತ್ತಾನೆ. ಅವನಿಗೆ ನಾಚುವ ಪ್ರಸಂಗ ಕಡಿಮೆ. ತೇಜಸ್ವಿಯವರ ನಗು ಅಲಂಕಾರವಲ್ಲ, ಅದೊಂದು ನೈತಿಕ ಉಪಾಯ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಹಾಸ್ಯವು ನಿರೂಪಕನ ಭಾಷೆಗೆ ಸೇರಿದ್ದು, ಕ್ಯಾಮೆರಾಕ್ಕೆ ಅದು ದಕ್ಕುವುದಿಲ್ಲ ಎಂಬ ಆಕ್ಷೇಪ ಸಹಜವಾದದ್ದು. ಇದಕ್ಕೆ ಟಿ.ಎಸ್. ನಾಗಾಭರಣ ಅವರ ‘ಬ್ಯಾಂಕರ್ ಮಾರ್ಗಯ್ಯ’ (1983) ಉತ್ತರವಾಗಬಲ್ಲದು. ಅದರ ಮೂಲ ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ (1952). ಸಹಕಾರಿ ಬ್ಯಾಂಕಿನ ಎದುರು ಆಲದ ಮರದಡಿ ಪೆಟ್ಟಿಗೆಯಿಟ್ಟುಕೊಂಡು ಕುಳಿತು, ರೈತರಿಗೆ ಸಾಲ ಪಡೆಯುವ ದಾರಿ ತೋರಿಸಿ ಬದುಕುವ ಮಾರ್ಗಯ್ಯನ ಹಣದಾಸೆಯನ್ನು ನಾರಾಯಣ್ ಏರುದನಿಯಿಲ್ಲದೆ, ತಣ್ಣಗಿನ ವ್ಯಂಗ್ಯದಲ್ಲಿ ಹೇಳುತ್ತಾರೆ. ಪರಭಾಷೆಯ ಆ ವ್ಯಂಗ್ಯ ಚಿತ್ರದಲ್ಲಿ ಲೋಕೇಶ್ ಅವರ ಅಭಿನಯದ ಮೂಲಕ, ಕನ್ನಡದ ಆಡುಮಾತಿನ ಮೂಲಕ ಮರುಹುಟ್ಟು ಪಡೆಯಿತು. ಇಂಗ್ಲಿಷಿನ ನಗು ಕನ್ನಡದ ತೆರೆಗೆ ಬರಬಹುದಾದರೆ, ಕನ್ನಡದ ನಗು ಕನ್ನಡದ ತೆರೆಗೆ ಬಾರದೆಂಬ ವಾದ ನಿಲ್ಲಲಾರದು.

‘ಡೇರ್‌ಡೆವಿಲ್ ಮುಸ್ತಾಫಾ’ ಚಿತ್ರದ ಮಹತ್ವವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ತೇಜಸ್ವಿಯವರ ಓದುಗರೇ ಹಣ ಕೂಡಿಸಿ ನಿರ್ಮಿಸಿದ ಚಿತ್ರವಿದು. ಕಾಲೇಜಿಗೆ ಬಂದ ಮುಸ್ಲಿಂ ವಿದ್ಯಾರ್ಥಿಯೊಬ್ಬನ ಕುರಿತು ಸಹಪಾಠಿಗಳು ಕಟ್ಟಿಕೊಳ್ಳುವ ಊಹೆ, ಭಯಗಳು ಇಲ್ಲಿನ ವಸ್ತು. ಚಿತ್ರವು ಕಥೆಯನ್ನು ಹಿಗ್ಗಿಸಿ, ಕ್ರಿಕೆಟ್ ಪಂದ್ಯವೊಂದನ್ನು ಕೇಂದ್ರಕ್ಕೆ ತರುತ್ತದೆ. ಘಟನೆಯ ನಿಷ್ಠೆಯ ದೃಷ್ಟಿಯಿಂದ ಇದು ವ್ಯತ್ಯಾಸವೇ ಸರಿ. ಆದರೆ ನಗೆಯ ಗುರಿಯನ್ನು ಚಿತ್ರ ತಪ್ಪಿಸಿಲ್ಲ: ನಗೆಗೀಡಾಗುವುದು ಮುಸ್ತಾಫಾ ಅಲ್ಲ, ಅವನನ್ನು ಕುರಿತ ಅಜ್ಞಾನ. ಸಮುದಾಯಗಳ ನಡುವಿನ ಅನುಮಾನವನ್ನು ಉಪದೇಶದ ದನಿಯಲ್ಲಿ ಹೇಳಿದ್ದರೆ, ಅನುಮಾನವುಳ್ಳ ಪ್ರೇಕ್ಷಕ ಎದ್ದುಹೋಗುತ್ತಿದ್ದ. ನಗುತ್ತ ಕುಳಿತವನು ತನ್ನ ಅನುಮಾನವನ್ನೇ ತೆರೆಯ ಮೇಲೆ ಕಂಡು ನಗುತ್ತಾನೆ. ಕಥೆಯಿಂದ ಸರಿದ ಚಿತ್ರವೊಂದು ಕೃತಿಯ ಆಶಯಕ್ಕೆ ಹೆಚ್ಚು ಹತ್ತಿರವಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಎಲ್ಲ ಕೃತಿಗಳೂ ಹಾಸ್ಯಚಿತ್ರಗಳಾಗಬೇಕೆಂಬುದು ಈ ಚರ್ಚೆಯ ತಾತ್ಪರ್ಯವಲ್ಲ. ‘ಘಟಶ್ರಾದ್ಧ’ದಲ್ಲಿ ನಗುವನ್ನು ಹುಡುಕುವುದು ಅರಸಿಕತನವಾದೀತು. ಮೂಲದಲ್ಲಿ ನಗು ಇದ್ದಾಗ ಅದು ಎಲ್ಲಿಗೆ ಹೋಯಿತೆಂದು ಕೇಳುವುದು ಸಂಶೋಧನೆಯ ಹೊಣೆ ಎಂಬುದಷ್ಟೇ ಇಲ್ಲಿನ ನಿಲುವು. ತರಗತಿಯಲ್ಲಿ ಸಾಹಿತ್ಯ–ಸಿನಿಮಾ ಸಂಬಂಧವನ್ನು ಬೋಧಿಸುವಾಗ ‘ತಬರನ ಕಥೆ’ ಮತ್ತು ‘ಡೇರ್‌ಡೆವಿಲ್ ಮುಸ್ತಾಫಾ’ಗಳನ್ನು ಒಟ್ಟಿಗೆ ಇಟ್ಟು ಓದಿಸಬಹುದು, ನೋಡಿಸಬಹುದು. ಒಂದೇ ಸಂಕಲನದ ಈ ಎರಡು ಕಥೆಗಳಲ್ಲಿ ಯಾವ ವಾಕ್ಯ ನಗಿಸುತ್ತದೆ, ತೆರೆಯಲ್ಲಿ ಅದರ ಸ್ಥಾನವನ್ನು ನಟನ ಮುಖ ತುಂಬಿತೋ, ಸಂಭಾಷಣೆ ತುಂಬಿತೋ, ಅಥವಾ ಅದು ಖಾಲಿಯೇ ಉಳಿಯಿತೋ ಎಂದು ವಿದ್ಯಾರ್ಥಿಗಳು ಪರಿಶೀಲಿಸಲಿ. ಇಂತಹ ಓದು ರೂಢಿಯಾದಲ್ಲಿ ಚಿತ್ರಪ್ರೇಮಿಯ ಎರಡು ಅಭಿರುಚಿಗಳ ನಡುವಣ ಗೋಡೆ ತಾನಾಗಿಯೇ ತೆಳುವಾಗುತ್ತದೆ; ಕನ್ನಡ ಕಥನಪರಂಪರೆಯಲ್ಲಿ ನಗು ಮಾಡಿರುವ ಗಂಭೀರ ಕೆಲಸಕ್ಕೂ ತಕ್ಕ ಮನ್ನಣೆ ದೊರೆಯುತ್ತದೆ.